ಹಾಲುಹಲ್ಲಿನವರೆಗೆ ತಲುಪದ ಹಕ್ಕು

ಹಾಲುಹಲ್ಲು ಹೇಗೂ ಉದುರಿಹೋಗುವುದು, ಅದರ ಹುಳುಕಿಗಾಗಿ ಅಷ್ಟೇಕೆ ಚಿಂತೆ ಎಂಬ ಮಾತು ನಮ್ಮ ಮನೆಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆದರೆ ಹುಳುಕು ಹಲ್ಲು ಮಗುವಿನ ಊಟವನ್ನೂ ನಿದ್ರೆಯನ್ನೂ ಕಲಿಕೆಯನ್ನೂ ಕೆಡಿಸುತ್ತದೆ. ಅದರ ಬೇರಿನ ಸೋಂಕು ಕೆಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿಗೂ ಹಾನಿ ಮಾಡಬಲ್ಲದು. ಆದುದರಿಂದ ಎಳೆಯ ಮಕ್ಕಳ ದಂತ ಚಿಕಿತ್ಸೆಯ ವೆಚ್ಚವನ್ನು ಸರಕಾರವೇ ವಹಿಸಿಕೊಳ್ಳಬೇಕೆಂಬ ವಾದವು ನ್ಯಾಯವಾದುದೇ. ಆದರೆ ಅಷ್ಟರಿಂದಲೇ ಹುಳುಕು ಕಡಿಮೆಯಾಗುವುದೇ? ಎರಡು ನಾಡುಗಳ ಅನುಭವವನ್ನು ಇಲ್ಲಿ ಪರಿಶೀಲಿಸೋಣ.

ಅಮೆರಿಕದಲ್ಲಿ ಬಡ ಕುಟುಂಬಗಳಿಗಾಗಿ 'ಮೆಡಿಕೇಡ್' ಎಂಬ ಸರಕಾರಿ ಆರೋಗ್ಯ ವಿಮೆಯಿದೆ. ಮಕ್ಕಳ ದಂತ ಚಿಕಿತ್ಸೆಯೂ ಅದರಲ್ಲಿ ಅಡಕವಾಗಿದೆ. ಹೀಗಿದ್ದರೂ 2007ರ ಫೆಬ್ರವರಿಯಲ್ಲಿ ಮೇರಿಲ್ಯಾಂಡ್ ರಾಜ್ಯದ 12 ವರ್ಷದ ಬಾಲಕನೊಬ್ಬನು ಹಲ್ಲಿನ ಸೋಂಕು ಮೆದುಳಿಗೆ ಹರಡಿ ತೀರಿಕೊಂಡನು. ಮೆಡಿಕೇಡ್ ರೋಗಿಗಳನ್ನು ಸ್ವೀಕರಿಸುವ ದಂತವೈದ್ಯರು ವಿರಳವಾಗಿದ್ದರು. ಆ ಕುಟುಂಬದ ವಿಮೆಯೂ ನಡುವೆ ನಿಂತುಹೋಗಿತ್ತು. ಹಲ್ಲು ಕೀಳಿಸಲು ಸುಮಾರು 80 ಡಾಲರ್ ಸಾಕಾಗುತ್ತಿತ್ತು; ಅವನನ್ನು ಉಳಿಸಿಕೊಳ್ಳಲು ನಡೆದ ವಿಫಲ ಪ್ರಯತ್ನಕ್ಕೆ ತಗುಲಿದ್ದು 2,50,000 ಡಾಲರಿಗೂ ಮಿಗಿಲು. ಈ ಸಾವು ಆ ದೇಶದ ಮನಸ್ಸನ್ನು ಕಲಕಿತು. ಮೆಡಿಕೇಡಿನ ಮಿತಿಗಿಂತ ತುಸು ಹೆಚ್ಚು ಆದಾಯವುಳ್ಳ ಕುಟುಂಬಗಳ ಮಕ್ಕಳ ವಿಮೆಯಲ್ಲಿಯೂ ದಂತ ಚಿಕಿತ್ಸೆ ಕಡ್ಡಾಯವೆಂದು 2009ರಲ್ಲಿ ಕಾನೂನಾಯಿತು.

ಕಾಗದದ ಮೇಲಿನ ಹಕ್ಕು ಕೇವಲ ಒಂದು ಸಾಧ್ಯತೆ. ಅದನ್ನು ನಿಜವಾಗಿಸುವ ವೈದ್ಯರೂ ವ್ಯವಸ್ಥೆಯೂ ಇಲ್ಲದಿದ್ದರೆ ಅದರಿಂದ ಮಗುವಿಗೆ ಪ್ರಯೋಜನವಿಲ್ಲ.

ವೈದ್ಯರಿಗೆ ಹಣ ಕೊಡಬೇಕಾಗಿಯೇ ಇಲ್ಲದ ನಾಡಿನಲ್ಲಿ ಪರಿಸ್ಥಿತಿ ಹೇಗಿದೆ? ಸ್ಕಾಟ್ಲೆಂಡಿನಲ್ಲಿ 1948ರಿಂದಲೂ ಮಕ್ಕಳಿಗೆ ಸರಕಾರಿ ಆರೋಗ್ಯ ಸೇವೆಯ ದಂತ ಚಿಕಿತ್ಸೆ ಉಚಿತ. ಆದರೂ 2003ರಲ್ಲಿ ಒಂದನೆಯ ತರಗತಿಯ ಮಕ್ಕಳಲ್ಲಿ ಕಣ್ಣಿಗೆ ಕಾಣುವ ಹುಳುಕಿಲ್ಲದವರು ಶೇಕಡ 45 ಮಾತ್ರ. ಏಕೆಂದರೆ ಚಿಕಿತ್ಸೆಯು ನೋವು ಬಂದ ಮೇಲಿನ ಮಾತು. ಹುಳುಕು ಹುಟ್ಟುವುದು ಅದಕ್ಕಿಂತ ಎಷ್ಟೋ ಮೊದಲು. ಸಕ್ಕರೆಯನ್ನು ಬಾಯಿಯ ಸೂಕ್ಷ್ಮಜೀವಿಗಳು ಆಮ್ಲವಾಗಿಸುತ್ತವೆ. ಆ ಆಮ್ಲವು ಹಲ್ಲಿನ ಹೊರಕವಚವನ್ನು ದಿನದಿನವೂ ಸವೆಸುತ್ತದೆ.

ಇದನ್ನು ಅರಿತ ಆ ನಾಡು, ಮಗು ವೈದ್ಯರಲ್ಲಿಗೆ ಬರಲೆಂದು ಕಾಯದೆ ತಾನೇ ಮಗುವಿದ್ದಲ್ಲಿಗೆ ಹೋಯಿತು. ಶಿಶುವಿಹಾರಗಳಲ್ಲಿ ಪ್ರತಿದಿನ ದೊಡ್ಡವರ ಕಣ್ಣೆದುರಿಗೇ ಮಕ್ಕಳು ಫ್ಲೋರೈಡ್ ಪೇಸ್ಟಿನಿಂದ ಹಲ್ಲುಜ್ಜುವ ಕ್ರಮ ಬಂದಿತು. 2006ರಲ್ಲಿ ಆರಂಭವಾದ 'ಚೈಲ್ಡ್‌ಸ್ಮೈಲ್' ಯೋಜನೆಯು ಮನೆಗಳಿಗೆ ಬ್ರಷ್ಷು, ಪೇಸ್ಟುಗಳನ್ನು ಉಚಿತವಾಗಿ ತಲುಪಿಸಿತು. ಬಡ ಪ್ರದೇಶಗಳ ಮಕ್ಕಳ ಹಲ್ಲಿಗೆ ವರ್ಷಕ್ಕೆರಡು ಬಾರಿ ಫ್ಲೋರೈಡ್ ಲೇಪ ಹಚ್ಚಿಸಿತು. 2022ರ ವೇಳೆಗೆ ಹುಳುಕಿಲ್ಲದ ಮಕ್ಕಳ ಪ್ರಮಾಣ ಶೇಕಡ 73ಕ್ಕೇರಿತು.

ಹಣದ ಲೆಕ್ಕವೂ ಗಮನಾರ್ಹ. ಐದು ವರ್ಷದ ಮಕ್ಕಳ ದಂತ ಚಿಕಿತ್ಸೆಗೆ 2001-02ರಲ್ಲಿ ಅಂದಾಜು 88 ಲಕ್ಷ ಪೌಂಡ್ ವೆಚ್ಚವಾಗಿದ್ದರೆ 2009-10ರಲ್ಲಿ ಅದು 40 ಲಕ್ಷಕ್ಕಿಳಿಯಿತು. ಶಿಶುವಿಹಾರಗಳ ಹಲ್ಲುಜ್ಜುವ ಕಾರ್ಯಕ್ರಮಕ್ಕೆ ತಗುಲಿದ್ದು ವರ್ಷಕ್ಕೆ ಸುಮಾರು 18 ಲಕ್ಷ ಮಾತ್ರ. ಆದರೂ ಬಡವರ ಮಕ್ಕಳಿಗೂ ಸ್ಥಿತಿವಂತರ ಮಕ್ಕಳಿಗೂ ನಡುವಣ ಅಂತರ ಅಲ್ಲಿ ಇನ್ನೂ ಅಳಿದಿಲ್ಲ ಎಂಬುದನ್ನು ಮರೆಯಲಾಗದು.

ಇದರಿಂದ ನಾವು ಗ್ರಹಿಸಬೇಕಾದುದು ಇಷ್ಟು: ಚಿಕಿತ್ಸೆಯ ವೆಚ್ಚ ಭರಿಸುವುದು ಸರಕಾರದ ಕರ್ತವ್ಯ, ಆದರೆ ಹುಳುಕು ಹುಟ್ಟದಂತೆ ತಡೆಯುವ ಕೆಲಸವನ್ನು ಮಗುವಿನ ಬಳಿಗೇ ಒಯ್ದಾಗ ಮಾತ್ರ ಆ ಕರ್ತವ್ಯ ಪೂರ್ಣವಾಗುತ್ತದೆ. ಅಂಗನವಾಡಿಗಳೂ ಶಾಲೆಗಳೂ ಇರುವ ನಮ್ಮ ನಾಡಿಗೆ ಇದು ಅಸಾಧ್ಯವೇನಲ್ಲ.

ಪ್ರಿಯ ತಂದೆ ತಾಯಂದಿರೇ, ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮೊದಲ ಹಲ್ಲು ಮೂಡಿದಂದಿನಿಂದಲೇ ಹಲ್ಲುಜ್ಜಿಸಿರಿ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಅನಂತರ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಅದನ್ನು ನುಂಗದಂತೆ ನೋಡಿಕೊಳ್ಳಿರಿ. ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಲಗಿಸದಿರಿ. ರಾತ್ರಿ ಹಲ್ಲುಜ್ಜಿದ ಬಳಿಕ ನೀರಿನ ಹೊರತು ಏನನ್ನೂ ಕೊಡದಿರಿ. ಏಳೆಂಟು ವರ್ಷ ತುಂಬುವವರೆಗೂ ಮಗುವಿನ ಬ್ರಷ್ಷಿನ ಮೇಲೆ ನಿಮ್ಮ ಕೈಯೂ ಇರಲಿ.