ನಿಘಂಟಿನಲ್ಲಿ ಹುಡುಕಿದ ಸ್ವಭಾವ

1920ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಎಂಬ ಅಮೆರಿಕದ ತರುಣ ವಿಯೆನ್ನಾದಲ್ಲಿ ಮನೋವಿಶ್ಲೇಷಣೆಯ ಫ್ರಾಯ್ಡ್ ಅವರನ್ನು ಕಾಣಲು ಹೋದರು. ಏನು ಮಾತಾಡುವುದೆಂದು ತೋಚದೆ, ಬರುವಾಗ ಟ್ರಾಮಿನಲ್ಲಿ ಕಂಡದ್ದನ್ನು ಹೇಳಿದರು: ನಾಲ್ಕು ವರ್ಷದ ಹುಡುಗ, ಕೊಳೆ ಕಂಡರೆ ಅವನಿಗೆ ದಿಗಿಲು, ಪಕ್ಕದಲ್ಲಿ ಗಂಜಿ ಹಾಕಿದ ಬಟ್ಟೆಯಂಥ ಬಿಗುವಿನ ಅಮ್ಮ. ಎಲ್ಲ ಕೇಳಿದ ಫ್ರಾಯ್ಡ್, ಆ ಹುಡುಗ ನೀವೇನಾ ಎಂದುಬಿಟ್ಟರು! ಮನಸ್ಸಿನ ಆಳ ಅಗೆಯುವ ಮೊದಲು ಎದುರಿಗಿರುವವರ ಮಾತನ್ನು ಇದ್ದ ಹಾಗೇ ಕೇಳಬೇಕು ಎಂಬ ಪಾಠ ಆಲ್‌ಪೋರ್ಟ್‌ಗೆ ಅಲ್ಲಿ ಸಿಕ್ಕಿತು.

ಮುಂದೆ ಹಾರ್ವರ್ಡ್‌ನಲ್ಲಿ ಅವರು ಕೈಹಾಕಿದ್ದು ನಿಘಂಟಿಗೆ. ಜನರ ನಡುವಿನ ಮುಖ್ಯ ವ್ಯತ್ಯಾಸಗಳಿಗೆ ಭಾಷೆಯಲ್ಲಿ ಪದ ಹುಟ್ಟಿಯೇ ಇರುತ್ತದೆ ಎಂಬುದು ತರ್ಕ. ಹೆನ್ರಿ ಓಡ್‌ಬರ್ಟ್ ಜೊತೆಗೂಡಿ ವೆಬ್‌ಸ್ಟರ್ ನಿಘಂಟನ್ನು ಜಾಲಾಡಿ, 1936ರಲ್ಲಿ 17,953 ಪದಗಳ ಪಟ್ಟಿ ಪ್ರಕಟಿಸಿದರು. ಸ್ಥಿರ ಸ್ವಭಾವ ಹೇಳುವಂಥವು 4,504. ಒಬ್ಬರಿಗೆ ಒಪ್ಪುವ ಯಾವ ಪದಗಳು ಜೊತೆಜೊತೆಗೇ ಬರುತ್ತವೆಂದು ಲೆಕ್ಕ ಹಾಕಿ ಮನೋವಿಜ್ಞಾನಿ ರೇಮಂಡ್ ಕ್ಯಾಟೆಲ್ ಇವನ್ನು 16 ಗುಣಗಳಿಗೆ ಇಳಿಸಿದರು. 1961ರಲ್ಲಿ ಅಮೆರಿಕದ ವಾಯುಪಡೆಯ ಇಬ್ಬರು ಸಂಶೋಧಕರಿಗೆ ಐದೇ ಸಾಕಾಯಿತು: ಹೊಸತಿಗೆ ತೆರೆದುಕೊಳ್ಳುವುದು, ಅಚ್ಚುಕಟ್ಟುತನ, ಜನರೊಡನೆ ಬೆರೆಯುವುದು, ಹೊಂದಿಕೊಂಡು ಹೋಗುವುದು, ಬೇಗ ಕಳವಳಗೊಳ್ಳುವುದು ಎಂದು ಇಂದು ಗುರುತಿಸುವ ಐದು. ಆದರೆ ಬೊಲಿವಿಯಾದ ತ್ಸಿಮಾನೆ ಬುಡಕಟ್ಟಿನವರನ್ನು ಕೇಳಿದಾಗ ಈ ಐದು ಬೇರೆಬೇರೆಯಾಗಿ ಕಾಣಲಿಲ್ಲ ಎಂದು 2013ರ ಅಧ್ಯಯನ ಹೇಳಿತು. ಅಲ್ಲಿ ಎದ್ದು ಕಂಡದ್ದು ಎರಡೇ, ಪರೋಪಕಾರ ಮತ್ತು ದುಡಿಮೆ.

ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ದಾರಿಯೇ ಬೇರೆ. ಅವರ ಶಿಕಾಗೋ ತಂಡ ನೂರು ಚೀಟಿಗಳನ್ನು ಕೈಗೆ ಕೊಡುತ್ತಿತ್ತು. ಒಂದೊಂದರಲ್ಲೂ ತನ್ನ ಬಗ್ಗೆ ಒಂದು ವಾಕ್ಯ. ಮೊದಲು ‘ನಾನು ಹೇಗಿದ್ದೇನೆ’ ಎಂಬುದಕ್ಕೆ ತಕ್ಕಂತೆ ಒಂಬತ್ತು ಗುಡ್ಡೆ ಮಾಡಬೇಕು. ಆಮೇಲೆ ಅದೇ ಚೀಟಿಗಳಿಂದ ‘ಹೇಗಿರಬೇಕೆಂದು ಆಸೆ’ ಎಂಬುದಕ್ಕೆ. ಆಪ್ತಸಮಾಲೋಚನೆಗೆ ಬಂದವರಲ್ಲಿ ಆರಂಭದಲ್ಲಿ ಎರಡು ಜೋಡಣೆಗೂ ಸಂಬಂಧವೇ ಇರಲಿಲ್ಲ; ಕೊನೆಯ ಹೊತ್ತಿಗೆ ಅಂತರ ತಗ್ಗಿತ್ತು. ಪಕ್ಕದ ಮನೆಯವರ ಅಂಕದೊಡನೆ ಹೋಲಿಕೆ ಇಲ್ಲಿ ಬೇಕಿಲ್ಲ, ನನಗೆ ಈ ಪ್ರಯೋಗ ಹಿಡಿಸುವುದು ಅದಕ್ಕೇ.

ಇನ್ನು ನಾಜಿ ಶಿಬಿರಗಳಿಂದ ಬದುಕಿ ಬಂದ ವಿಕ್ಟರ್ ಫ್ರಾಂಕ್ಲ್. ಅಸ್ತಿತ್ವವಾದಿ ಮನೋವಿಜ್ಞಾನಿಯಾದ ಅವರಿಗೆ, ಮನುಷ್ಯ ಯಾವುದಕ್ಕಾಗಿ ಬದುಕುತ್ತಾನೆ ಎಂಬುದೇ ಪ್ರಶ್ನೆ. ಆ ಅನುಭವಗಳ ಅವರ ಪುಸ್ತಕದ ಇಂಗ್ಲಿಷ್ ಆವೃತ್ತಿಗೆ ಮುನ್ನುಡಿ ಬರೆದವರು ಯಾರು ಗೊತ್ತೆ? ನಿಘಂಟು ಜಾಲಾಡಿದ ಅದೇ ಆಲ್‌ಪೋರ್ಟ್! 1965ರಲ್ಲಿ ಅವರು ಜೆನ್ನಿ ಎಂದು ಹೆಸರು ಮರೆಸಿದ ಒಬ್ಬ ಮಹಿಳೆಯ 301 ಪತ್ರಗಳನ್ನಿಟ್ಟುಕೊಂಡು ಪುಸ್ತಕವನ್ನೇ ಬರೆದರು. ಗುಣಗಳ ಪಟ್ಟಿಯಿಂದ ಒಬ್ಬ ಮನುಷ್ಯ ಪೂರ್ತಿ ಸಿಗುವುದಿಲ್ಲವೆಂಬುದು ಪಟ್ಟಿ ಮಾಡಿದವರಿಗೇ ಗೊತ್ತಿತ್ತು.

ಇಂಥ ಗುಣಗಳನ್ನು ಅಳೆಯುವ ವ್ಯಕ್ತಿತ್ವ ಪರೀಕ್ಷೆಯ ಅಂಕ ಹೇಳುವುದು ಉಳಿದವರ ನಡುವೆ ನೀವೆಲ್ಲಿ ನಿಲ್ಲುತ್ತೀರಿ ಎಂಬುದನ್ನಷ್ಟೇ. ಮಕ್ಕಳ ಕೋರ್ಸನ್ನೋ ಕೆಲಸವನ್ನೋ ಅದೊಂದನ್ನೇ ನಂಬಿ ನಿರ್ಧರಿಸಬೇಡಿ.