ಸ್ವರಪತ್ರದಿಂದ ಪರದೆಗೆ

1803ನೆಯ ಇಸವಿ, ಏಪ್ರಿಲ್ 5. ವಿಯೆನ್ನಾ ನಗರದ ರಂಗಮಂದಿರವೊಂದರಲ್ಲಿ ಬೀಥೋವನ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೊದಲ ಬಾರಿಗೆ ನುಡಿಸಲು ಕುಳಿತಿದ್ದನು. ಪುಟ ತಿರುವುವುದಕ್ಕಾಗಿ ಪಕ್ಕದಲ್ಲಿ ಜೈಫ್ರೀಡ್ ಎಂಬ ಮಿತ್ರನಿದ್ದನು. ಪುಟಗಳನ್ನು ಕಂಡ ಅವನು ದಂಗಾದನು. ಬಹುಪಾಲು ಹಾಳೆಗಳು ಖಾಲಿ! ಅಲ್ಲಲ್ಲಿ ಬೀಥೋವನ್ನನಿಗೆ ಮಾತ್ರ ಅರ್ಥವಾಗುವ ಕೆಲವು ಗುರುತುಗಳಿದ್ದುವು. ಬರೆಯಲು ಸಮಯ ಸಾಲದೆ ಆತ ನೆನಪಿನಿಂದಲೇ ನುಡಿಸುತ್ತ, ಪುಟ ಮುಗಿದಾಗ ಕಣ್ಣಸನ್ನೆ ಮಾಡುತ್ತಿದ್ದನು. ಆ ಸನ್ನೆ ಎಲ್ಲಿ ತಪ್ಪಿಹೋದೀತೋ ಎಂದು ಮಿತ್ರನು ಪಟ್ಟ ಕಳವಳವನ್ನು ನೆನೆದು ಬೀಥೋವನ್ ಅಂದಿನ ಊಟದ ಹೊತ್ತಿನಲ್ಲಿ ಮನಸಾರೆ ನಕ್ಕನಂತೆ.

ಮಹಾಪ್ರತಿಭೆಗೆ ಇದು ನಗುವಿನ ವಿಷಯ. ಸಾಮಾನ್ಯ ಕಲಾವಿದನಿಗಾದರೋ ಪುಟ ತಿರುವುವ ಗಳಿಗೆ ಪರೀಕ್ಷೆಯ ಗಳಿಗೆಯೇ ಸರಿ. ನಮ್ಮ ಸಂಗೀತ ಕಛೇರಿಗಳಲ್ಲಿ ಗಾಯಕನ ಮುಂದೆ ಸಾಮಾನ್ಯವಾಗಿ ಪುಸ್ತಕವಿರುವುದಿಲ್ಲ. ಗುರುಮುಖದಿಂದ ಕಲಿತ ಕೃತಿಯನ್ನು ಅವನು ತನ್ನ ಮನೋಧರ್ಮದಿಂದ ಬೆಳೆಸುತ್ತಾನೆ. ಪಾಶ್ಚಾತ್ಯ ವಾದ್ಯವೃಂದದ ರೀತಿ ಬೇರೆ. ಅಲ್ಲಿ ಹತ್ತಾರು ವಾದಕರು ಬೇರೆ ಬೇರೆ ಸ್ವರಗಳನ್ನು ಒಂದೇ ಕಾಲದಲ್ಲಿ ನುಡಿಸಬೇಕು. ಆದುದರಿಂದ ಪ್ರತಿಯೊಬ್ಬನ ಪಾಲನ್ನೂ ಐದು ಗೆರೆಗಳ ಲಿಪಿಯಲ್ಲಿ ಬರೆದಿಡುತ್ತಾರೆ. 1501ರಲ್ಲಿ ವೆನಿಸ್ ನಗರದ ಪೆಟ್ರುಚ್ಚಿ ಎಂಬಾತನು ಇಂತಹ ಸಂಗೀತವನ್ನು ಅಚ್ಚುಮೊಳೆಗಳಿಂದ ಮುದ್ರಿಸಿದಂದಿನಿಂದ ಕಾಗದವೇ ವಾದಕನ ನಿತ್ಯಸಂಗಾತಿಯಾಯಿತು.

ಈ ಸಂಗಾತಿಯ ತೊಂದರೆಗಳು ಹಲವು. ಇಂದು ಮದುವೆಯ ಔತಣ, ನಾಳೆ ಇಗರ್ಜಿಯ ಪ್ರಾರ್ಥನೆ, ನಾಡಿದ್ದು ನಾಟಕಶಾಲೆ ಎಂದು ಓಡಾಡಿ ಜೀವನ ಸಾಗಿಸುವ ವಾದಕನು ಎಲ್ಲವನ್ನೂ ಕಂಠಪಾಠ ಮಾಡಲಾರನು. ಪುಸ್ತಕಗಳ ಹೊರೆಯನ್ನು ಹೊರಲೇಬೇಕು. ಬಯಲಿನಲ್ಲಿ ಗಾಳಿ ಬೀಸಿದರೆ ಹಾಳೆ ಹಾರುತ್ತದೆ. ಪಿಯಾನೊ ನುಡಿಸುವಾಗ ಎರಡು ಕೈಗಳಿಗೂ ಬಿಡುವಿಲ್ಲ. ಪಿಟೀಲಿನವರು ಇಬ್ಬರಿಗೊಂದು ಪೀಠ ಇಟ್ಟುಕೊಂಡು, ಪುಟ ಮುಗಿದಾಗ ಒಬ್ಬನು ನುಡಿಸುವುದನ್ನು ನಿಲ್ಲಿಸಿ ಪುಟ ತಿರುವುತ್ತಾನೆ.

ಈ ತೊಂದರೆಗಳಿಗೆ ಪರಿಹಾರವಾಗಿ ಟ್ಯಾಬ್ಲೆಟ್ ಬಂದಿತು. 2010ರಲ್ಲಿ ಐಪ್ಯಾಡ್ ಮಾರುಕಟ್ಟೆಗೆ ಬಂದಿತು. 2012ರಲ್ಲಿ ಬೆಲ್ಜಿಯಮ್ ದೇಶದ ಬ್ರಸೆಲ್ಸ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವು ಕಾಗದವನ್ನು ಬದಿಗಿಟ್ಟು ಟ್ಯಾಬ್ಲೆಟ್‌ಗಳನ್ನು ನೋಡಿ ನುಡಿಸಿತು. ಮುಕ್ಕಾಲು ಕಿಲೋಗ್ರಾಮಿಗೂ ಕಡಿಮೆ ತೂಗುವ ಹಲಗೆಯಲ್ಲಿ ಒಂದು ಗ್ರಂಥಭಂಡಾರವೇ ಅಡಗುವಂತಾಯಿತು. ಆದರೆ ಅಂಗಡಿಯಲ್ಲಿರುವ ಯಾವುದಾದರೊಂದನ್ನು ಕೊಂಡರೆ ಸಾಕೆ? ಸಾಲದು.

ಮೊದಲು ನೋಡಬೇಕಾದುದು ಪರದೆಯ ಅಳತೆ. ಎ4 ಹಾಳೆಯ ಅಗಲ 21 ಸೆಂಟಿಮೀಟರ್, ಎತ್ತರ 29.7 ಸೆಂಟಿಮೀಟರ್. ಹತ್ತು ಅಂಗುಲದ, ಉದ್ದವಾಗಿ ಕಿರಿದಾಗಿರುವ ಪರದೆಯ ಅಗಲ ಸುಮಾರು 13.5 ಸೆಂಟಿಮೀಟರ್ ಮಾತ್ರ. ಅದರಲ್ಲಿ ಸ್ವರಗಳು ಮೂರರಲ್ಲಿ ಎರಡು ಪಾಲಿಗೆ ಕುಗ್ಗುತ್ತವೆ. ಕೈಯಲ್ಲಿ ಹಿಡಿದು ಓದುವಾಗ ಇದು ತೊಡಕೆನಿಸದು. ಒಂದೂವರೆ ಮೊಳ ದೂರದ ಪೀಠದ ಮೇಲಿಟ್ಟಾಗ ಕಣ್ಣು ಸೋಲುತ್ತದೆ. ಹದಿಮೂರು ಅಂಗುಲದ, ನಾಲ್ಕಕ್ಕೆ ಮೂರರ ಪ್ರಮಾಣದ ಪರದೆಯಾದರೋ ಸುಮಾರು 26 ಸೆಂಟಿಮೀಟರ್ ಎತ್ತರ, 20 ಸೆಂಟಿಮೀಟರ್ ಅಗಲವಿರುತ್ತದೆ. ಹಾಳೆಯ ಖಾಲಿ ಅಂಚುಗಳನ್ನು ಕತ್ತರಿಸಿದರೆ ಸ್ವರಗಳು ಬಹುಮಟ್ಟಿಗೆ ಮೂಲದ ಗಾತ್ರದಲ್ಲೇ ಕಾಣುತ್ತವೆ.

ಎರಡನೆಯದು ಬೆಳಕು. ಸಾಮಾನ್ಯ ಟ್ಯಾಬ್ಲೆಟ್‌ನ ಪರದೆ ತಾನೇ ಬೆಳಗುವುದರಿಂದ ಕತ್ತಲೆಯ ನಾಟಕಶಾಲೆಗೆ ಒಪ್ಪುತ್ತದೆ, ಬಿಸಿಲಿನಲ್ಲಿ ಮಂಕಾಗುತ್ತದೆ. ವಿದ್ಯುತ್ ಶಾಯಿಯ ಪರದೆ ಇದಕ್ಕೆ ವಿರುದ್ಧ. ಅದರಲ್ಲಿ ಕಪ್ಪು ಬಿಳುಪಿನ ಸೂಕ್ಷ್ಮ ಕಣಗಳು ವಿದ್ಯುತ್ತಿನ ಸೆಳೆತದಿಂದ ಮೇಲೆ ಕೆಳಗೆ ಸರಿದು ಅಕ್ಷರಗಳನ್ನು ಮೂಡಿಸುತ್ತವೆ. ಕಾಗದದಂತೆ ಹೊರಗಿನ ಬೆಳಕಿನಿಂದ ಕಾಣುವುದರಿಂದ ಬಿಸಿಲಿನಲ್ಲಿಯೂ ಓದಬಹುದು. ಪುಟ ಬದಲಾಯಿಸುವಾಗ ಮಾತ್ರ ಹೆಚ್ಚು ವಿದ್ಯುತ್ ಬೇಕಾದುದರಿಂದ ಬ್ಯಾಟರಿಯೂ ಬಹುಕಾಲ ಬಾಳುತ್ತದೆ. ಆದರೆ ಪುಟ ಬದಲಾಗುವುದು ತುಸು ನಿಧಾನ.

ಮೂರನೆಯದು ಪುಟ ತಿರುವುವ ಬಗೆ. ವಾದಕರು ನೆಲದ ಮೇಲೆ ಎರಡು ಗುಂಡಿಗಳ ಪೆಡಲ್ ಇಟ್ಟುಕೊಳ್ಳುತ್ತಾರೆ. ಕಾಲಿನಿಂದ ಒಂದನ್ನು ಒತ್ತಿದರೆ ಪುಟ ಮುಂದಕ್ಕೆ, ಇನ್ನೊಂದನ್ನು ಒತ್ತಿದರೆ ಹಿಂದಕ್ಕೆ. ಪೆಡಲ್ ನಿಸ್ತಂತುವಾಗಿ ಕಳುಹಿಸುವ ಸಂದೇಶವನ್ನು ಟ್ಯಾಬ್ಲೆಟ್ ಕೀಲಿಮಣೆಯ ಗುಂಡಿಯೆಂದೇ ತಿಳಿಯುತ್ತದೆ. ಆರ್ಗನ್ ನುಡಿಸುವವನ ಗತಿಯೇನು? ಅವನ ಕಾಲುಗಳೂ ವಾದ್ಯದ ಮೇಲಿರುತ್ತವೆಯಲ್ಲ! ಕೆಲವು ತಂತ್ರಾಂಶಗಳು ತಲೆಯ ಅಥವಾ ತುಟಿಯ ಚಲನೆಯನ್ನು ಕ್ಯಾಮೆರಾದಿಂದ ಗುರುತಿಸಿ ಪುಟ ತಿರುವುತ್ತವೆ. ಬೀಥೋವನ್ನನ ಸನ್ನೆ ಹೊಸ ರೂಪದಲ್ಲಿ ಮರಳಿ ಬಂದಿದೆಯೆನ್ನಬಹುದು.

ತಾಲೀಮಿನಲ್ಲಿ ನಿರ್ದೇಶಕನು ಹೇಳಿದ ತಿದ್ದುಪಡಿಗಳನ್ನು ಆಗಲೇ ಗುರುತಿಸಿಕೊಳ್ಳಬೇಕಾದುದರಿಂದ ಪರದೆಯ ಮೇಲೆ ಬರೆಯುವ ಲೇಖನಿಯೂ ಅಗತ್ಯ. ಸ್ವರಪತ್ರಗಳು ಹೆಚ್ಚು ಸ್ಥಳವನ್ನು ಬೇಡುವುದಿಲ್ಲವಾದ ಕಾರಣ ಅತಿ ದೊಡ್ಡ ಸ್ಮರಣಕೋಶಕ್ಕಾಗಿ ಹಣ ಸುರಿಯಬೇಕಿಲ್ಲ. ಬಳಸಿದ ಹಳೆಯ ಟ್ಯಾಬ್ಲೆಟ್ ಕೂಡ ಸಾಕಾಗಬಹುದು. ತನಗೆ ಬೇಕಾದ ತಂತ್ರಾಂಶ ಅದರಲ್ಲಿ ನಡೆಯುವುದೇ ಎಂಬುದನ್ನು ಮಾತ್ರ ಮೊದಲೇ ಪರೀಕ್ಷಿಸಬೇಕು.

ಇಷ್ಟಾದರೂ ಕಾಗದಕ್ಕಿರುವ ಒಂದು ಗುಣ ಯಂತ್ರಕ್ಕಿಲ್ಲ. ಕಾಗದದ ಬ್ಯಾಟರಿ ಮುಗಿಯುವುದಿಲ್ಲ. ಕಡುಬಿಸಿಲಿನಲ್ಲಿ ಟ್ಯಾಬ್ಲೆಟ್ ಕಾದು ತಾನಾಗಿಯೇ ನಿಂತುಬಿಡಬಹುದು. ನುಡಿಸಾಣಿಕೆಯ ನಡುವೆ ಯಾರದೋ ಸಂದೇಶ ಸ್ವರಗಳನ್ನು ಮರೆಮಾಡಬಹುದು. ಸಭೆಯ ಮುಂದೆ ಒಮ್ಮೆ ತಡವರಿಸಿದ ವಾದಕನನ್ನು ಮತ್ತೆ ಕರೆಯುವವರು ಕಡಿಮೆ. ಅವನ ಅನ್ನವೇ ಅದರಲ್ಲಿದೆ. ಆದುದರಿಂದ ಬಲ್ಲವರು ಹೊರಡುವ ಮುನ್ನ ಬ್ಯಾಟರಿಯನ್ನು ತುಂಬಿಸುತ್ತಾರೆ, ಜಾಲಸಂಪರ್ಕವನ್ನು ಕಡಿಯುತ್ತಾರೆ, ಕಾರ್ಯಕ್ರಮದ ದಿನ ತಂತ್ರಾಂಶವನ್ನು ಬದಲಿಸುವುದಿಲ್ಲ, ಮುಖ್ಯವಾದ ಪುಟಗಳ ಅಚ್ಚುಪ್ರತಿಯನ್ನು ಚೀಲದಲ್ಲಿಟ್ಟಿರುತ್ತಾರೆ.

ಅತಿ ಬೆಲೆಯುಳ್ಳದ್ದೇ ಅತ್ಯುತ್ತಮವಲ್ಲ. ತಾನು ಎಲ್ಲಿ, ಯಾವ ಬೆಳಕಿನಲ್ಲಿ, ಯಾವ ವಾದ್ಯವನ್ನು ನುಡಿಸುತ್ತೇನೆ ಎಂಬುದನ್ನು ಅರಿತು ಆರಿಸಿದ ಉಪಕರಣವೇ ಉತ್ತಮ. ಪುಟ ತಿರುವಿದುದು ಕೇಳುಗರ ಅರಿವಿಗೇ ಬಾರದೆ ಸಂಗೀತವೊಂದೇ ಅವರ ಕಿವಿಯನ್ನು ತುಂಬಿದರೆ, ಆ ಆಯ್ಕೆ ಸಾರ್ಥಕವಾಯಿತೆಂದು ತಿಳಿಯಬೇಕು.