ಯುದ್ಧದಿಂದ ಹಿಂದಿರುಗುವ ಬಗೆ

ಯುದ್ಧವನ್ನು ಆರಂಭಿಸಲು ಒಂದು ಆಜ್ಞೆ ಸಾಕು. ಅದನ್ನು ಮುಗಿಸಲು ಹಲವರ ಬುದ್ಧಿಯೂ ಸಾಲದು. ಚಕ್ರವ್ಯೂಹವನ್ನು ಹೊಗಬಲ್ಲ ಅಭಿಮನ್ಯುವಿಗೆ ಹೊರಬರುವ ಉಪಾಯವು ತಿಳಿದಿರಲಿಲ್ಲವೆಂಬುದನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಬಲಿಷ್ಠವಾದ ರಾಷ್ಟ್ರವೊಂದು ಅದೇ ಸಂಕಟಕ್ಕೆ ಸಿಲುಕಿದಾಗ ಅಲ್ಲಿನ ಗೃಹಸ್ಥರೂ, ರಣರಂಗದಿಂದ ಮರಳಿದ ಯೋಧರೂ ನಡೆಸಿದ ವಾದವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಅಮೆರಿಕದ ಪದಾತಿದಳಗಳು 1965ರ ಮಾರ್ಚಿಯಲ್ಲಿ ದಕ್ಷಿಣ ವಿಯೆಟ್ನಾಮಿನ ತೀರದಲ್ಲಿಳಿದುವು. 1969ರ ವೇಳೆಗೆ ಅಲ್ಲಿದ್ದ ಸೈನಿಕರ ಸಂಖ್ಯೆ ಐದು ಲಕ್ಷವನ್ನು ಮೀರಿತ್ತು. ಅವರಲ್ಲಿ ಅನೇಕರು ಕಡ್ಡಾಯದ ಕರೆಗೆ ಓಗೊಟ್ಟು ಹೋದ ತರುಣರು. ಹದಿನೆಂಟು ವಯಸ್ಸಿನವನು ಯುದ್ಧಕ್ಕೆ ಅರ್ಹನು, ಆದರೆ ಇಪ್ಪತ್ತೊಂದು ತುಂಬುವತನಕ ಬಹುತೇಕ ಸಂಸ್ಥಾನಗಳಲ್ಲಿ ಮತ ಕೊಡಲು ಅನರ್ಹನು! ಈ ವೈಪರೀತ್ಯವನ್ನು 1971ರ ಸಂವಿಧಾನ ತಿದ್ದುಪಡಿಯು ನಿವಾರಿಸಿತು.

ಮೊದಲು ಮಾತೆತ್ತಿದವರು ನಾಗರಿಕರು. 1969ರ ಅಕ್ಟೋಬರ್ 15ರಂದು ಲಕ್ಷಾಂತರ ಜನರು ಊರೂರುಗಳಲ್ಲಿ ಕೂಡಿ ಸೇನೆಯನ್ನು ಹಿಂದಕ್ಕೆ ಕರೆಸಬೇಕೆಂದು ಕೇಳಿಕೊಂಡರು. ಅಧ್ಯಕ್ಷ ನಿಕ್ಸನರು ನವೆಂಬರ್ 3ರಂದು ಮೌನವಾಗಿರುವ ಬಹುಜನರ ಬೆಂಬಲವನ್ನು ಬೇಡಿ, ಯುದ್ಧಭಾರವನ್ನು ಕ್ರಮಕ್ರಮವಾಗಿ ದಕ್ಷಿಣ ವಿಯೆಟ್ನಾಮಿನವರಿಗೇ ಒಪ್ಪಿಸುವೆವೆಂದರು. ಮರುವರ್ಷ ಮೇ 4ರಂದು ಒಹಾಯೋ ಸಂಸ್ಥಾನದ ಕೆಂಟ್ ವಿಶ್ವವಿದ್ಯಾನಿಲಯದಲ್ಲಿ ರಕ್ಷಣದಳದ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದರು. ನಾಲ್ಕೇ ದಿನಗಳಲ್ಲಿ ನ್ಯೂಯಾರ್ಕಿನ ಕಟ್ಟಡದ ಕೆಲಸಗಾರರು ಯುದ್ಧವಿರೋಧಿಗಳ ಮೇಲೆ ಬಿದ್ದು ಹೊಡೆದರು. ದೇಶವೇ ಇಬ್ಭಾಗವಾದಂತಾಯಿತು.

ಆದರೆ ವಾದಕ್ಕೆ ವಿಶೇಷವಾದ ತೂಕ ಬಂದುದು ಯೋಧರು ಮಾತನಾಡಿದ ಬಳಿಕ. 1971ರ ಏಪ್ರಿಲಿನಲ್ಲಿ ವಿಯೆಟ್ನಾಮಿನಿಂದ ಮರಳಿದ ನೂರಾರು ಮಂದಿ ವಾಷಿಂಗ್‌ಟನ್ನಿನಲ್ಲಿ ಬೀಡುಬಿಟ್ಟರು. ಅವರ ಪರವಾಗಿ ಜಾನ್ ಕೆರಿ ಎಂಬ ನೌಕಾಧಿಕಾರಿಯು ಸೆನೆಟ್ಟಿನ ಸಮಿತಿಯ ಮುಂದೆ, ತಪ್ಪೆಂದು ತಿಳಿದ ಕಾರ್ಯಕ್ಕಾಗಿ ಕಡೆಯವನಾಗಿ ಸಾಯೆಂದು ಯಾರಿಗೆ ತಾನೆ ಹೇಳಬಹುದೆಂದು ಪ್ರಶ್ನಿಸಿದರು. ಮರುದಿನ ಆ ಯೋಧರು ತಮ್ಮ ಪದಕಗಳನ್ನು ಶಾಸನಸಭಾಭವನದ ಮುಂದಣ ಬೇಲಿಯಾಚೆಗೆ ಎಸೆದರು.

ಇದಕ್ಕೆ ಪ್ರತಿವಾದಿಯೂ ಯೋಧನೇ. ಕೆರಿಯವರು ನಡೆಸಿದ್ದ ಯುದ್ಧದೋಣಿಯನ್ನೇ ಅನಂತರ ನಡೆಸಿದ ಜಾನ್ ಓನೀಲರು, ಜೂನ್ 30ರಂದು ದೂರದರ್ಶನದಲ್ಲಿ ಅವರಿಗೆ ಇದಿರಾಗಿ ಕುಳಿತರು. ಯೋಧರಲ್ಲಿ ಕ್ರೂರಕೃತ್ಯಗಳು ಸಾಮಾನ್ಯವೆಂಬ ಆರೋಪವು ಸಮಸ್ತ ಸೈನಿಕರಿಗೂ ಕಳಂಕವೆಂದೂ, ಅಧ್ಯಕ್ಷರ ಕ್ರಮವಾದ ನಿರ್ಗಮನವೇ ಯೋಗ್ಯವೆಂದೂ ಅವರ ಪಕ್ಷ. ಒಂದೇ ದೋಣಿ, ಒಂದೇ ನದಿ, ಒಂದೇ ಅಪಾಯ. ಆದರೂ ನಿರ್ಣಯಗಳು ಎರಡು! ಅನುಭವವು ಮಾತಿಗೆ ಗೌರವವನ್ನು ತರುವುದೇ ಹೊರತು ವಾದವನ್ನು ತಾನೇ ತೀರ್ಮಾನಿಸಲಾರದೆಂಬುದನ್ನು ಇಲ್ಲಿ ಗಮನಿಸತಕ್ಕುದು. 2004ರಲ್ಲಿ ಕೆರಿಯವರು ಅಧ್ಯಕ್ಷಪದವಿಗೆ ಸ್ಪರ್ಧಿಸಿದಾಗಲೂ ಓನೀಲರು ಅವರನ್ನು ವಿರೋಧಿಸಿದರು.

ಮುಂದೇನಾಯಿತು? 1973ರ ಜನವರಿ 27ರಂದು ಪ್ಯಾರಿಸ್ಸಿನಲ್ಲಿ ಒಪ್ಪಂದವಾಗಿ, ಸೆರೆಯಲ್ಲಿದ್ದ ಅಮೆರಿಕದ ಸೈನಿಕರು ಮನೆಗೆ ಮರಳಿದರು. 1975ರ ಏಪ್ರಿಲ್ 30ರಂದು ಸೈಗಾನ್ ಪಟ್ಟಣವು ಉತ್ತರದವರ ವಶವಾಯಿತು. ಅಮೆರಿಕದ ಮೃತರು 58 ಸಾವಿರಕ್ಕೂ ಮಿಕ್ಕಿದವರು. ಅವರಲ್ಲಿ 20 ಸಾವಿರಕ್ಕೂ ಹೆಚ್ಚು ಮಂದಿ 1969ರ ಆದಿಯಿಂದೀಚೆಗೆ, ಎಂದರೆ ಹೊರಬರುವ ಬಗೆಯನ್ನು ಚರ್ಚಿಸುತ್ತಿದ್ದ ಕಾಲದಲ್ಲಿ, ಮಡಿದವರು. ವಿಯೆಟ್ನಾಮಿನ ಜನರಾದರೋ ಲಕ್ಷಗಟ್ಟಲೆ ಅಳಿದರು. ಇತ್ತ ಅಮೆರಿಕವನ್ನು ನಂಬಿದ್ದ ಅನೇಕರು ಸೆರೆಶಿಬಿರಗಳನ್ನು ಸೇರಿದರು. ಲಕ್ಷಾಂತರ ಜನರು ದೇಶವನ್ನೇ ಬಿಟ್ಟರು, ಅವರಲ್ಲಿ ಅನೇಕರು ಸಣ್ಣ ದೋಣಿಗಳಲ್ಲಿ ಕಡಲಿಗಿಳಿದು ಪ್ರಾಣವನ್ನೂ ನೀಗಿದರು.

ಆದಕಾರಣ ಎರಡು ಪಕ್ಷಗಳಲ್ಲಿಯೂ ಸತ್ಯಾಂಶವಿದ್ದಿತು. ತಡಮಾಡಿದ ಒಂದೊಂದು ದಿನಕ್ಕೂ ಯಾವುದೋ ತಾಯಿ ಬೆಲೆ ತೆತ್ತಳು. ಬಿಟ್ಟುಹೋದುದಕ್ಕೆ ನಂಬಿದವರು ಬೆಲೆ ತೆತ್ತರು. ನಿಲ್ಲಬೇಕೆನ್ನುವವರು ಮಡಿದವರ ತ್ಯಾಗವು ವ್ಯರ್ಥವಾಗಬಾರದೆನ್ನುವುದುಂಟು. ಈ ಮಾತು ಕಿವಿಗೆ ಉದಾತ್ತವಾದರೂ ನಾವು ಒಪ್ಪಲಾರೆವು. ಸತ್ತವರ ಋಣವನ್ನು ಬದುಕಿರುವವರನ್ನು ಕೊಲ್ಲಿಸಿ ತೀರಿಸಲಾಗದು. ಇನ್ನಷ್ಟು ಜೀವಗಳನ್ನು ತೆತ್ತರೆ ಸಾಧಿಸಬಹುದಾದುದೇನೆಂಬುದೊಂದೇ ನ್ಯಾಯವಾದ ಪ್ರಶ್ನೆ. ಅಂತೆಯೇ ಹೊರಡಬೇಕೆನ್ನುವವರು, ತಮ್ಮನ್ನು ನಂಬಿ ನಿಂತವರ ಗತಿಯೇನೆಂಬುದಕ್ಕೆ ಉತ್ತರವನ್ನು ಕೊಟ್ಟೇ ಹೊರಡಬೇಕು. ಇಪ್ಪತ್ತು ವರ್ಷಗಳ ಯುದ್ಧದ ಬಳಿಕ 2021ರ ಆಗಸ್ಟಿನಲ್ಲಿ ಕಾಬೂಲಿನ ವಿಮಾನನಿಲ್ದಾಣದಲ್ಲಿ ನೆರೆದ ಜನಸಮ್ಮರ್ದವು ಈ ಉತ್ತರದ ಅಗತ್ಯವನ್ನು ಮತ್ತೆ ನೆನಪಿಸಿತು.

ಮನೆಯ ಮಕ್ಕಳಿಗೆ ಶೌರ್ಯದ ಕಥೆಗಳನ್ನು ಹೇಳುವ ಹಿರಿಯರು ಇದನ್ನೂ ಜೊತೆಗೆ ಹೇಳಲಿ: ರಣವನ್ನು ಹೊಗುವ ಮುನ್ನವೇ ಹೊರಬರುವ ದಾರಿಯನ್ನು ವಿಚಾರಿಸುವುದು ಹೇಡಿತನವಲ್ಲ. ಅದನ್ನು ವಿಚಾರಿಸುವ ಹಕ್ಕು ಹೋದವನಿಗೂ ಉಂಟು, ಕಳುಹಿಸಿಕೊಟ್ಟವರಿಗೂ ಉಂಟು.